ರಿಪೋರ್ಟ್ ಮೊದಲು ಯಾರ ಕೈಗೆ?

ಪ್ರಶ್ನೆ: ನನಗೆ 42 ವರ್ಷ, ಊರು ಶಹಾಬಾದ್. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತೇನೆ. ಕುತ್ತಿಗೆಯಲ್ಲಿ ಗಂಟಿತ್ತು. ಸೂಜಿ ಚುಚ್ಚಿ ನೋಡಿದಾಗ ‘ಫಾಲಿಕ್ಯುಲರ್ ನಿಯೋಪ್ಲಾಸಂ, ಬೆಥೆಸ್ಡಾ 4’ ಅಂತ ಬಂತು, ಅಂದರೆ ಕ್ಯಾನ್ಸರ್ ಇರಬಹುದು, ಇಲ್ಲದೆಯೂ ಇರಬಹುದು ಅಂತೆ. ಕಲಬುರಗಿಯಲ್ಲಿ ಆಪರೇಷನ್ ಮಾಡಿ ಥೈರಾಯ್ಡಿನ ಬಲಗಡೆ ಅರ್ಧ ತೆಗೆದರು. ಬಯಾಪ್ಸಿ ರಿಪೋರ್ಟ್ ವಾರದಲ್ಲಿ ಬರುತ್ತೆ ಅಂದಿದ್ದರು, ಇವತ್ತಿಗೆ ಒಂಬತ್ತು ದಿನ. ಇನ್ನೊಂದು ಸಲ ಪೀಸ್ ನೋಡುತ್ತಿದ್ದಾರಂತೆ. ನಮ್ಮ ಮನೆಯವರು ಫೋನ್ ಬಂದರೆ ಎದ್ದು ಅಂಗಳಕ್ಕೆ ಹೋಗುತ್ತಾರೆ. ಎಲ್ಲರಿಗೂ ಗೊತ್ತಿದೆ, ನನಗೊಬ್ಬಳಿಗೇ ಹೇಳುತ್ತಿಲ್ಲ ಅನ್ನಿಸುತ್ತೆ. ನಾದಿನಿ ಬೇರೆ ‘ಕತ್ತರಿ ತಾಗಿದರೆ ಹರಡುತ್ತೆ’ ಅಂದಳು. ರಾತ್ರಿ ನಿದ್ದೆಯಿಲ್ಲ. ಏನು ಮಾಡಲಿ? ರೊಟ್ಟಿ ಕೆಲಸ ಯಾವಾಗ ಶುರು ಮಾಡಬಹುದು?

ಉತ್ತರ: ಅಕ್ಕ, ಮೊದಲು ಆ ಎರಡು ದಿನದ ಲೆಕ್ಕ ಬಿಡಿ. ತೆಗೆದ ಗಂಟನ್ನು ನೇರ ಮೈಕ್ರೋಸ್ಕೋಪಿನ ಕೆಳಗೆ ಇಡೋಕೆ ಆಗಲ್ಲ. ಫಾರ್ಮಲಿನ್‌ನಲ್ಲಿ ನೆನೆಸಬೇಕು, ಮೇಣದಲ್ಲಿ ಅಚ್ಚು ಹಾಕಬೇಕು, ಕೂದಲಿಗಿಂತ ತೆಳ್ಳಗೆ ಸೀಳಬೇಕು, ಬಣ್ಣ ಹಾಕಬೇಕು, ಆಮೇಲೆ ನೋಡೋದು. ನಿಮ್ಮಂಥ ಗಂಟಾದರೆ ಕೆಲಸ ಇನ್ನೂ ಜಾಸ್ತಿ. ಸೂಜಿಯಲ್ಲಿ ಬಿಡಿ ಜೀವಕೋಶ ಮಾತ್ರ ಬರುತ್ತವೆ, ಆದರೆ ಇದು ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಹೇಳಬೇಕಾದರೆ ಆ ಕೋಶಗಳು ಗಂಟಿನ ಸುತ್ತಲ ಪೊರೆ ದಾಟಿವೆಯಾ, ರಕ್ತನಾಳದೊಳಗೆ ನುಗ್ಗಿವೆಯಾ ಅಂತ ನೋಡಬೇಕು. ಅರ್ಧ ತೆಗೆದಿದ್ದೇ ಅದಕ್ಕೆ. ಅನುಮಾನ ಬಂದರೆ ಇನ್ನಷ್ಟು ಸೀಳಿ ನೋಡುತ್ತಾರೆ.

ತಡವಾಯ್ತು ಅಂದರೆ ಕೆಟ್ಟ ಸುದ್ದಿ ಅಂತಲ್ಲ. ಒಳ್ಳೆ ಸುದ್ದಿ ಅಂತಲೂ ಅಲ್ಲ, ಸುಮ್ನೆ ಸಮಾಧಾನಕ್ಕೆ ಸುಳ್ಳು ಯಾಕೆ ಹೇಳಲಿ. ಬೆಥೆಸ್ಡಾ 4 ಬಂದ ಮೂವರಲ್ಲಿ ಸುಮಾರು ಒಬ್ಬರಿಗೆ ಕ್ಯಾನ್ಸರ್ ಅಂತ ಬರುತ್ತೆ, ಇಬ್ಬರಿಗೆ ಬರಲ್ಲ. ಬಂದರೂ ಥೈರಾಯ್ಡಿನದು ಬಹುತೇಕ ನಿಧಾನದ ಜಾತಿ, ಚಿಕಿತ್ಸೆಗೆ ಬಗ್ಗುತ್ತೆ. ಕೆಲವರಿಗೆ ಉಳಿದರ್ಧವನ್ನೂ ತೆಗೆದು ರೇಡಿಯೋ ಅಯೋಡಿನ್ (ಅಳಿದುಳಿದ ಥೈರಾಯ್ಡ್ ಕೋಶಗಳನ್ನು ಸುಡುವ ಔಷಧಿ) ಕೊಡುತ್ತಾರೆ, ಆಮೇಲೆ ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ. ಕೆಲವರಿಗೆ ಈಗ ತೆಗೆದಿದ್ದೇ ಸಾಕಾಗುತ್ತೆ. ಸಲಹೆ ಕೇಳೋಕೆ ಬೆಂಗಳೂರಿಗೇ ಓಡಬೇಕಿಲ್ಲ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕೇಂದ್ರ ಕಲಬುರಗಿಯಲ್ಲೂ ಇದೆ. ನಾದಿನಿಗೆ ಹೇಳಿ, ಥೈರಾಯ್ಡ್ ಕ್ಯಾನ್ಸರಿಗೆ ಮೊದಲ ಮದ್ದೇ ಆ ಕತ್ತರಿ!

ನಿಮ್ಮ ನಿದ್ದೆ ಕೆಡಿಸಿರೋದು ಗಂಟಲ್ಲ, ಅಂಗಳದ ಫೋನು ಅಂತ ನನಗನ್ನಿಸುತ್ತೆ. ನಮ್ಮಕ್ಕನ ಗಂಟಿನ ರಿಪೋರ್ಟನ್ನು ನಾವೂ ನಾಲ್ಕು ದಿನ ಬೀರುವಿನಲ್ಲಿ ಬಚ್ಚಿಟ್ಟಿದ್ದೆವು, ಪಾಪ ಹೆದರ್ತಾಳೆ ಅಂತ. ಅವಳಿಗೆ ಎರಡನೇ ದಿನವೇ ಗೊತ್ತಾಗಿತ್ತು. ಹೇಗೆ ಅಂದರೆ, ‘ಎರಡು ದಿನದಿಂದ ಯಾರೂ ನನ್ನ ಮೇಲೆ ರೇಗಿಲ್ಲ’ ಅಂದಳು. ಆ ನಾಲ್ಕು ದಿನ ನಾವು ಕಾಪಾಡಿದ್ದು ನಮ್ಮನ್ನೇ ಹೊರತು ಅವಳನ್ನಲ್ಲ.

ಹಾಗಾಗಿ ಇವತ್ತು ರಾತ್ರಿ ಊಟ ಆದ ಮೇಲೆ ಮನೆಯವರನ್ನು ಕೂರಿಸಿಕೊಂಡು ಕೇಳಿ. ‘ರಿಪೋರ್ಟ್ ಬಂದಿದ್ದರೆ ಈಗಲೇ ಕೊಡ್ರಿ. ಬಂದಿಲ್ಲಾಂದ್ರೆ, ಬಂದ ದಿನ ನನ್ನೆದುರಿಗೇ ತೆಗೀರಿ. ಡಾಕ್ಟರ್ ಹತ್ರ ನಾನೂ ಬರ್ತೀನಿ.’ ಅಳು ಬಂದರೆ ಬರಲಿ, ಮಾತು ಮುಗಿಸಿಯೇ ಏಳಿ. ಬಹುಶಃ ಅವರಿಗೂ ಏನೂ ಗೊತ್ತಿರಲಿಕ್ಕಿಲ್ಲ, ನಿಮ್ಮೆದುರು ದನಿ ನಡುಗುತ್ತೆ ಅಂತ ಎದ್ದು ಹೋಗುತ್ತಿರಬಹುದು. ಆಸ್ಪತ್ರೆಯಲ್ಲೂ ನಿಮ್ಮ ನಂಬರ್ ಬರೆಸಿ, ಕಾಗಿದ ನಿಮ್ಮದು.

ನಡುರಾತ್ರಿ ಎಚ್ಚರಾದರೆ ಮೊಬೈಲಿನಲ್ಲಿ ಹುಡುಕಬೇಡಿ, ಅಲ್ಲಿ ಎಲ್ಲ ಗಂಟೂ ಕೊನೆಗೆ ಒಂದೇ ಕಡೆ ಹೋಗಿ ಮುಟ್ಟುತ್ತೆ. ಡಾಕ್ಟರಿಗೆ ಕೇಳೋದನ್ನು ಮಕ್ಕಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಪೊರೆ ದಾಟಿದೆಯಾ, ಗಂಟು ಎಷ್ಟು ಸೆಂಟಿಮೀಟರ್, ಉಳಿದರ್ಧ ಇರಬಹುದಾ, ಟಿಎಸ್‌ಎಚ್ (ಥೈರಾಯ್ಡಿನ ರಕ್ತಪರೀಕ್ಷೆ) ಯಾವಾಗ ನೋಡಿಸಲಿ. ಬರೆದಿಟ್ಟದ್ದು ತಲೆಯಲ್ಲಿ ಅಷ್ಟು ಸುತ್ತಲ್ಲ. ನಿದ್ದೆ ಬರದಿದ್ದರೆ ಎದ್ದು ಮಾಳಿಗೆ ಮೇಲೆ ನಾಲ್ಕು ಹೆಜ್ಜೆ ಹಾಕಿ. ಆದರೆ ಕುತ್ತಿಗೆ ಒಮ್ಮೆಲೇ ಊದಿಕೊಂಡರೆ, ಉಸಿರಾಡೋಕೆ ಕಷ್ಟ ಆದರೆ ಬೆಳಗಾಗಲಿ ಅಂತ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಇನ್ನು ರೊಟ್ಟಿ. ತಾಸುಗಟ್ಟಲೆ ಕುತ್ತಿಗೆ ಬಗ್ಗಿಸಿ ಒಲೆ ಮುಂದೆ ಕೂರೋ ಕೆಲಸ ಅದು, ಗಾಯ ನೋಡಿದ ಡಾಕ್ಟರ್ ಹೂಂ ಅನ್ನೋವರೆಗೂ ಬೇಡ. ಅಲ್ಲಿಯವರೆಗೆ ನಾದಿನಿ ಬಡಿಯಲಿ, ನೀವು ಪಕ್ಕದಲ್ಲಿ ಕೂತು ಲೆಕ್ಕ ಬರೆಯಿರಿ.