ಮಗಳ ಜೊತೆ ಅಪ್ಪನೂ ಅರ್ಜಿ ಹಾಕಬಹುದೇ?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕ. ವಯಸ್ಸು 51. ಇತಿಹಾಸದಲ್ಲಿ ಎಂ.ಎ. ಮುಗಿಸಿದಾಗಿನಿಂದ ಪಿಎಚ್.ಡಿ. ಮಾಡುವ ಆಸೆ. ತಂಗಿಯರ ಮದುವೆ, ಮನೆ ಸಾಲ, ತಾಯಿಯ ಕಾಯಿಲೆ ಎಂದು ಮುಂದೂಡುತ್ತಲೇ ಬಂದೆ. ನಮ್ಮ ಸುತ್ತಲಿನ ಕ್ಯಾಂಪ್‌ಗಳ (ಹೊರಗಿನಿಂದ ಬಂದು ನೆಲೆಸಿದವರ ಊರುಗಳ) ಹಿರಿಯರು ಹೇಳಿದ್ದನ್ನು ವರ್ಷಗಳಿಂದ ನೋಟ್‌ಬುಕ್‌ಗಳಲ್ಲಿ ಬರೆದಿಟ್ಟುಕೊಂಡಿದ್ದೇನೆ. ಈ ವರ್ಷ ಅರ್ಜಿ ಹಾಕಲೇಬೇಕು ಎಂದುಕೊಂಡಿರುವಾಗ, ಬಳ್ಳಾರಿಯಲ್ಲಿ ಎಂ.ಎ. ಮುಗಿಸಿದ ಮಗಳು ತಾನೂ ಅದೇ ವಿಭಾಗಕ್ಕೆ, ಕ್ಯಾಂಪ್‌ಗಳ ಇತಿಹಾಸದ ಮೇಲೆಯೇ ಅರ್ಜಿ ಹಾಕುವುದಾಗಿ ಹೇಳಿದಳು. ನನ್ನ ಆಸೆ ಅವಳಿಗೆ ತಿಳಿಯದು. ‘ಈ ವಯಸ್ಸಿನಲ್ಲಿ ಓದಿ ಏನು ಮಾಡುತ್ತೀರಿ, ನೋಟ್‌ಬುಕ್ ಅವಳಿಗೇ ಕೊಟ್ಟುಬಿಡಿ’ ಎನ್ನುತ್ತಾಳೆ ಹೆಂಡತಿ. ಸುಮ್ಮನೆ ಹಿಂದೆ ಸರಿಯಲೇ?

ಉತ್ತರ: ಬೇಡ ಗುರುಗಳೇ. ಸರಿಯುವುದೇ ಆದರೂ ಸುಮ್ಮನೆ ಸರಿಯಬೇಡಿ, ಮಗಳಿಗೆ ಹೇಳಿ ಸರಿಯಿರಿ.

ನೀವು ಇದನ್ನು ತ್ಯಾಗ ಎಂದುಕೊಂಡಿದ್ದೀರಿ. ಆದರೆ ಆ ತ್ಯಾಗವನ್ನು ಅವಳು ಕೇಳಿಲ್ಲ. ಇನ್ನು ಐದಾರು ವರ್ಷಕ್ಕೆ ಅವಳು ಪದವಿ ಪಡೆದು ಬಂದ ಮೇಲೆ, ಯಾವುದೋ ಮದುವೆ ಮನೆಯಲ್ಲಿ ತಾಯಿಯ ಬಾಯಿಂದಲೋ ಅತ್ತೆಯ ಬಾಯಿಂದಲೋ ‘ನಿಮ್ಮಪ್ಪ ನಿನಗಾಗಿ ಬಿಟ್ಟುಕೊಟ್ಟರು’ ಎಂಬ ಮಾತು ಬಂದೇ ಬರುತ್ತದೆ. ಆಗ ಆ ಹುಡುಗಿಗೆ ಏನನ್ನಿಸಬಹುದು ಯೋಚಿಸಿ. ಖುಷಿಯಿಂದ ಬಂದು ನಿಮ್ಮ ಮುಂದೆ ಹೇಳಿದವಳು ಅವಳು. ಅಪ್ಪನ ಆಸೆ ಗೊತ್ತಿದ್ದರೆ ಅಂದೇ ಬೇರೇನಾದರೂ ಹೇಳುತ್ತಿದ್ದಳೇನೋ. ಆ ಅವಕಾಶವನ್ನು ಅವಳಿಂದ ಕಸಿದುಕೊಳ್ಳಬೇಡಿ.

ಸೀಟಿಗಾಗಿ ಅಪ್ಪ ಮಗಳೇ ಪೈಪೋಟಿ ಮಾಡಬೇಕಾದೀತು ಎಂಬ ಭಯ ನಿಮಗಿರಬಹುದು, ಅದು ಸುಳ್ಳಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಒಬ್ಬ ಪ್ರಾಧ್ಯಾಪಕರು ಒಮ್ಮೆಗೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಮಂದಿಗಷ್ಟೇ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಒಂದು ವಿಭಾಗದಲ್ಲಿ ಒಂದು ವರ್ಷ ಖಾಲಿ ಇರುವ ಸ್ಥಾನ ಬೆರಳೆಣಿಕೆಯಷ್ಟು. ಆದರೆ ನಿಮ್ಮಿಬ್ಬರ ದಾರಿ ಒಂದೇ ಅಲ್ಲ. ನೀವು ಕೆಲಸ ಬಿಡಲಾರಿರಿ, ಅರೆಕಾಲಿಕವಾಗಿ ಮಾಡಬೇಕು, ಸಿಂಧನೂರಿನಿಂದ ಹೋಗಿ ಬರುವಷ್ಟು ದೂರದಲ್ಲಿ ಮಾಡಬೇಕು. ಅವಳಿಗೆ ಆ ಕಟ್ಟುಪಾಡಿಲ್ಲ. ಎನ್‌ಇಟಿ, ಅಂದರೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆಯಲಿ. 2024ರಿಂದ ಅದರ ಅಂಕಗಳನ್ನೇ ಪಿಎಚ್.ಡಿ. ಪ್ರವೇಶಕ್ಕೂ ಬಳಸಲಾಗುತ್ತಿದೆ. ಅದರ ಮೂಲಕ ಕೊಡುವ ಸಂಶೋಧನಾ ವೇತನ ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಹೈದರಾಬಾದಿಗೋ ದೆಹಲಿಗೋ ಹೋಗಬಹುದು. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ ಇದೆ, ಅವಳಿಗೆ ಇದೇ ಸರಿಯಾದ ಹೊತ್ತು. ಬಳ್ಳಾರಿಯ ಒಂದು ವಿಭಾಗವನ್ನೇ ಇಬ್ಬರೂ ನಂಬಿ ಕೂರಬೇಕಿಲ್ಲ. ಕೂತರೂ ಒಬ್ಬರೇ ಮಾರ್ಗದರ್ಶಕರ ಕೈಕೆಳಗೆ ಇಬ್ಬರೂ ಇರುವುದು ಖಂಡಿತ ಬೇಡ.

ಇನ್ನು ವಿಷಯಕ್ಕೆ ಬರುತ್ತೇನೆ, ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಬೀಡುಬಿಟ್ಟ ರೈತರ ಕ್ಯಾಂಪ್‌ಗಳು, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪ್‌ಗಳು, ಜೋಳದ ಹೊಲ ಭತ್ತದ ಗದ್ದೆಯಾಗಿದ್ದು, ಜಮೀನು ಮಾರಿಕೊಂಡ ಸ್ಥಳೀಯರು ಏನಾದರು ಎಂಬುದು. ಇದು ಒಂದು ಪ್ರಬಂಧಕ್ಕೆ ಮುಗಿಯುವ ಕಥೆಯೇ? ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದ ಆಡಳಿತ ಭಾಷೆ ಉರ್ದು. ಕಾಲುವೆ ಬರುವ ಮೊದಲು ಈ ಭೂಮಿ ಯಾರದಿತ್ತು, ಹೇಗಿತ್ತು ಎಂದು ತಿಳಿಯಬೇಕಾದರೆ ಉರ್ದು ಕಲಿತು, ಹೈದರಾಬಾದಿನ ಪತ್ರಾಗಾರದಲ್ಲಿ ತಿಂಗಳುಗಟ್ಟಲೆ ಕೂರಬೇಕು. ಅದಕ್ಕೆ ಬೇಕಾದ ವಯಸ್ಸು, ಬಿಡುವು ಮಗಳಿಗಿದೆ. ಬದುಕಿರುವ ಹಿರಿಯರ ಬಾಯಿಂದ ಕೇಳುವ ಇತಿಹಾಸಕ್ಕೆ ಬೇಕಾದದ್ದು ನಂಬಿಕೆ. ಕ್ಯಾಂಪಿನ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರಿಗೆ ಅಲ್ಲಿನ ಅಜ್ಜ ಅಜ್ಜಿಯರು ಹೇಳುವುದನ್ನು ಬೇರೆಯವರಿಗೆ ಹೇಳಲಾರರು. ಆ ಅಜ್ಜ ಅಜ್ಜಿಯರು ಇನ್ನೆಷ್ಟು ವರ್ಷ ಇರುತ್ತಾರೆ? ತಡ ಮಾಡಬಾರದ್ದು ನಿಮ್ಮ ಕೆಲಸವೇ.

ನೋಟ್‌ಬುಕ್‌ಗಳನ್ನು ಅವಳಿಗೆ ಓದಲು ಕೊಡಿ, ಬಿಟ್ಟುಕೊಡಬೇಡಿ. ಅವಳು ಅದರಿಂದ ಒಂದು ಸಾಲು ಬಳಸಿದರೂ ಯಾರು, ಯಾವ ಊರಲ್ಲಿ, ಯಾವಾಗ ಹೇಳಿದ್ದು, ಬರೆದುಕೊಂಡವರು ಯಾರು ಎಂದು ದಾಖಲಿಸಬೇಕು. ಅಪ್ಪನದು ತಾನೇ ಎಂಬ ಸಲುಗೆ ಇಲ್ಲಿ ನಡೆಯುವುದಿಲ್ಲ, ಕೃತಿಚೌರ್ಯದ ಪ್ರಶ್ನೆ ಎದ್ದರೆ ಪೆಟ್ಟು ಬೀಳುವುದು ಅವಳಿಗೆ. ಇದನ್ನು ಮೊದಲೇ ಇಬ್ಬರೂ ಕೂತು ಮಾತನಾಡಿಕೊಳ್ಳಿ.

ಮನೆಯವರ ಮಾತಿಗೂ ಉತ್ತರ ಕೊಡಬೇಕು. ‘ಓದಿ ಏನು ಮಾಡುತ್ತೀರಿ’ ಎನ್ನುವವರು ಇಷ್ಟು ವರ್ಷ ನಿಮ್ಮ ಜೊತೆ ಆ ಸಾಲ, ಆ ಕಾಯಿಲೆ ಎಲ್ಲವನ್ನೂ ಹೊತ್ತವರು. ಪಿಎಚ್.ಡಿ.ಯಿಂದ ಬಡ್ತಿ ಬರುತ್ತದೆ ಎಂದು ಅವರಿಗೆ ಸುಳ್ಳು ಹೇಳಬೇಡಿ. ಪ್ರವೇಶದಿಂದ ಕನಿಷ್ಠ ಮೂರು, ಗರಿಷ್ಠ ಆರು ವರ್ಷ, ನಿವೃತ್ತಿಯೊಳಗೆ ಮುಗಿಯುತ್ತದೆ, ಭಾನುವಾರಗಳು ಹೋಗುತ್ತವೆ, ಇಷ್ಟು ಖರ್ಚಾಗುತ್ತದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ಒಪ್ಪುತ್ತಾರೆಂದು ನನ್ನ ನಂಬಿಕೆ. ತಕ್ಷಣ ಒಪ್ಪದಿದ್ದರೂ ಅರ್ಜಿ ಹಾಕಿ.

ಮೊದಲು ಮಗಳೊಂದಿಗೆ ಮಾತು, ಈ ವಾರವೇ. ಅದರ ಬೆನ್ನಿಗೇ ನಿರಾಕ್ಷೇಪಣಾ ಪತ್ರಕ್ಕೆ ಮುಖ್ಯ ಶಿಕ್ಷಕರ ಮೂಲಕ ಮನವಿ ಕೊಡಿ. ಅರೆಕಾಲಿಕ ಅಧ್ಯಯನಕ್ಕೆ ಅನುಮತಿ ಇದೆ, ಸಂಶೋಧನೆಗೆ ಸಮಯ ಸಿಗುತ್ತದೆ, ಅಗತ್ಯ ಬಿದ್ದರೆ ಕೋರ್ಸ್ ವರ್ಕ್‌ಗೆ ಕರ್ತವ್ಯದಿಂದ ಬಿಡುಗಡೆ ಮಾಡಲಾಗುತ್ತದೆ ಎಂಬ ಮೂರೂ ಮಾತು ಅದರಲ್ಲಿ ಇರಲೇಬೇಕು. ಕಡತ ಬಿಇಒ ಕಚೇರಿ ದಾಟಿ ಮೇಲೆ ಹೋಗಿ ಬರುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿರುತ್ತದೆ, ಪ್ರಕಟಣೆ ಬರಲಿ ಎಂದು ಕಾಯಬೇಡಿ. ವಿಶ್ವವಿದ್ಯಾಲಯವೇ ನಡೆಸುವ ಪ್ರವೇಶ ಪರೀಕ್ಷೆಯಾದರೆ ಅದರ ಅರ್ಧದಷ್ಟು ಪ್ರಶ್ನೆಗಳು ಸಂಶೋಧನಾ ವಿಧಾನದ ಮೇಲೆ ಇರುತ್ತವೆ. ನೀವು ಎಂ.ಎ. ಓದಿ ಬಹಳ ಕಾಲವಾಗಿದೆ, ಆ ಭಾಗವನ್ನು ಮಗಳಿಂದ ಹೇಳಿಸಿಕೊಳ್ಳಿ.