ತುಕ್ಕು ಹಿಡಿದು ಕಚ್ಚಿಕೊಂಡಿರುವ ಕಾರಿನ ಬೋಲ್ಟ್ ಬಿಚ್ಚುವುದು ಹೇಗೆ?

ಮೊದಲು ಸ್ಪ್ಯಾನರ್ ಕೆಳಗಿಡಿ. ಸುಮ್ನೆ ಬಲ ಹಾಕಿದರೆ ಒಂದೋ ಬೋಲ್ಟಿನ ತಲೆ ಸವೆಯುತ್ತದೆ, ಇಲ್ಲ ಬೋಲ್ಟೇ ತುಂಡಾಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಥ್ರೆಡ್ (ಬೋಲ್ಟಿನ ಸುರುಳಿ ಗೆರೆ) ಮಧ್ಯೆ ಅದು ಉಬ್ಬಿ ಬಿಗಿದುಕೊಂಡಿರುತ್ತದೆ, ಅಷ್ಟೇ.

ವೈರ್ ಬ್ರಷ್‌ನಿಂದ ಕಾಣುವ ಥ್ರೆಡ್ ಉಜ್ಜಿ, ಪೆನೆಟ್ರೇಟಿಂಗ್ ಆಯಿಲ್, ಅಂದರೆ ಸಂದಿಗೆ ಇಳಿಯುವ ತೆಳು ಎಣ್ಣೆ, ಬಿಡಿ. ರಾತ್ರಿಯಿಡೀ ನೆನೆಯಲಿ, ಐದು ನಿಮಿಷಕ್ಕೆ ಏನೂ ಆಗುವುದಿಲ್ಲ. ಆಮೇಲೆ ತಲೆಯ ಮೇಲೆ ಸುತ್ತಿಗೆಯಿಂದ ನೇರವಾಗಿ ನಾಲ್ಕು ಏಟು ಕೊಡಿ. ತುಕ್ಕು ಬಿರುಕು ಬಿಟ್ಟು ಎಣ್ಣೆ ಒಳಗಿಳಿಯುತ್ತದೆ.

ಬೋಲ್ಟಿನ ತಲೆಗೆ ಟೋಪಿಯಂತೆ ಕೂರುವ ಸಾಕೆಟ್ಟಿನಲ್ಲಿ ಆರು ಮೂಲೆಯದನ್ನೇ ಬಳಸಿ, ಹನ್ನೆರಡು ಮೂಲೆಯದು ಬೇಗ ಜಾರುತ್ತದೆ. ಉದ್ದ ಹಿಡಿಯ ಬ್ರೇಕರ್ ಬಾರ್ ಹಾಕಿ, ಮೊದಲು ಒಂಚೂರು ಬಿಗಿಮಾಡುವ ಕಡೆಗೆ ಒತ್ತಿ. ವಿಚಿತ್ರ ಅನ್ನಿಸುತ್ತದೆ ಅಲ್ವಾ? ಆದರೆ ಹಿಡಿತ ಬಿಡುವುದು ಎಷ್ಟೋ ಸಲ ಹಾಗೆಯೇ. ಬಿಟ್ಟ ಮೇಲೂ ಒಂದೇ ಸಮನೆ ತಿರುಗಿಸಬೇಡಿ. ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ವಾಪಸ್ ತನ್ನಿ, ಎಣ್ಣೆ ಬಿಡಿ.

ಕಾರಿನ ಕೆಳಗಿದ್ದರೆ ಬರೀ ಜಾಕ್ ನಂಬಬೇಡಿ, ಕಾರಿನ ಭಾರ ಹೊರುವ ಜಾಕ್ ಸ್ಟ್ಯಾಂಡ್ ಇರಲೇಬೇಕು. ಇಷ್ಟಕ್ಕೂ ಬಗ್ಗದಿದ್ದರೆ ಎಣ್ಣೆ ಪೂರ್ತಿ ಒರೆಸಿ, ಬೆಂಕಿ ಬರುವ ಗ್ಯಾಸ್ ಟಾರ್ಚ್‌ನಿಂದ ನಟ್ ಕಾಯಿಸಿ. ಪೆಟ್ರೋಲ್ ಪೈಪ್, ಬ್ರೇಕ್ ಹೋಸ್, ರಬ್ಬರ್ ಬುಷ್ ಹತ್ತಿರವಿದ್ದರೆ ಬೆಂಕಿ ಬೇಡ, ನಟ್ಟನ್ನೇ ಕತ್ತರಿಸಿ ಹೊಸದು ಹಾಕಿ.