ಸೋರುತ್ತಿದ್ದದ್ದು ಎರಡೇ ಕಡೆ

ಮೂರು ಕೋಣೆಗಳ ಮನೆಗಾಗಿ ಪ್ರಾರ್ಥಿಸುತ್ತಿದ್ದೀರಿ, ಕ್ರೈಸ್ತರಾಗಿ ಅದನ್ನು ಅಗತ್ಯವೆನ್ನಬೇಕೋ ಆಸೆಯೆನ್ನಬೇಕೋ ತಿಳಿಯುತ್ತಿಲ್ಲ ಎಂದಿದ್ದೀರಿ. 2014ರಲ್ಲಿ ನಾನೂ ಇದೇ ಪ್ರಶ್ನೆ ಹಿಡಿದು ಕುಳಿತಿದ್ದೆ.

ಮಂಗಳೂರಿನ ಹೊರವಲಯದಲ್ಲಿ ನಮ್ಮದು ಅಜ್ಜ ಕಟ್ಟಿಸಿದ ಹಂಚಿನ ಮನೆ. ಆ ವರ್ಷದ ಮಳೆಗೆ ಚಾವಡಿಯಲ್ಲಿ ಒಂದು ಕಡೆ, ಅಡುಗೆಮನೆಯಲ್ಲಿ ಒಂದು ಕಡೆ ಸೋರಿತು. ರೀಪು ಬದಲಿಸಿ, ಒಡೆದ ಹಂಚು ತೆಗೆದು ಹೊಸತು ಹೊದಿಸಲು ಬಡಗಿ ಹೇಳಿದ ಲೆಕ್ಕ 60,000 ರೂಪಾಯಿ. ನಾನು ಮನೆಯನ್ನೇ ಕೆಡವಿಸಿ, 18 ಲಕ್ಷ ಸಾಲ ತೆಗೆದು ಎರಡು ಅಂತಸ್ತಿನ ತಾರಸಿ ಮನೆ ಕಟ್ಟಿಸಿದೆ. ಸಂಬಳ 38,000, ಕಂತು 19,000 ದಾಟಿತ್ತು.

ಸಾಲ ಮಾಡಿದ್ದೇ ತಪ್ಪು ಎಂದು ಬಂಧುಗಳು ಹೇಳುತ್ತಾರೆ. ಅಲ್ಲ. ತಪ್ಪು ಅದಕ್ಕೂ ಮೊದಲು, ನಾನು ಮೊಣಕಾಲೂರಿದ್ದಾಗಲೇ ಆಗಿತ್ತು. "ಕರ್ತನೇ, ನಮ್ಮ ಅಗತ್ಯವನ್ನು ನೀನು ಬಲ್ಲೆ" ಎಂದು ಪ್ರಾರ್ಥಿಸುತ್ತಿದ್ದೆ. ಸೋರುವ ಮಾಡಿನ ರಿಪೇರಿ ಅಗತ್ಯವೇ, ಅದರಲ್ಲಿ ಸುಳ್ಳಿಲ್ಲ. ಆದರೆ ಅದೇ ಪದದ ಬೆನ್ನಿಗೆ ಮೇಲಂತಸ್ತು ಬಂತು, ಗ್ರಾನೈಟ್ ನೆಲ ಬಂತು, ಬಾಲ್ಕನಿ ಬಂತು. ಇನ್ನೂ ಕೆಟ್ಟದ್ದೆಂದರೆ, ಗೃಹಪ್ರಾರ್ಥನೆಗೆ ಸಭೆಯ ನಲವತ್ತು ಜನ ಕೂರುವಷ್ಟು ಜಾಗ ಬೇಕೆಂದು ದೇವರ ಹೆಸರನ್ನೂ ಸೇರಿಸಿದೆ. ದೇವರ ಕೆಲಸಕ್ಕೆ ಎಂದ ಮೇಲೆ ಯಾರು ಎದುರಾಡುತ್ತಾರೆ? ಹೆಂಡತಿ ಸುಮ್ಮನಾದಳು. ಸಭಾಪಾಲಕರು ಆಶೀರ್ವದಿಸಿದರು. ಆಸೆ ಎಂದಿದ್ದರೆ "ಎಷ್ಟು?" ಎಂದು ಯಾರಾದರೂ ಕೇಳುತ್ತಿದ್ದರು, ನಾನಾದರೂ ಕೇಳಿಕೊಳ್ಳುತ್ತಿದ್ದೆ. ಅಗತ್ಯ ಎಂದದ್ದರಿಂದ ಆ ಪ್ರಶ್ನೆ ಹುಟ್ಟಲೇ ಇಲ್ಲ.

ಅದೇ ವರ್ಷ ಅಮ್ಮನ ಎರಡೂ ಕಣ್ಣುಗಳಿಗೆ ಪೊರೆ ಬಂದಿತ್ತು. "ಮನೆ ಮುಗಿಯಲಿ ಅಮ್ಮ, ಆಮೇಲೆ ಮಾಡಿಸೋಣ" ಎಂದೆ. "ಆಗಲಿ" ಎಂದರು. ಎರಡು ವರ್ಷ ಕಳೆಯಿತು. ಸತ್ಯವೇದ, ಅಂದರೆ ಬೈಬಲ್, ಓದದೆ ಬೆಳಗಿನ ಕಾಫಿ ಮುಟ್ಟದವರು, ಬಾಯಿಪಾಠವಿದ್ದ ಕೀರ್ತನೆಗಳನ್ನಷ್ಟೇ ಹೇಳಿಕೊಂಡು ಕೂರುತ್ತಿದ್ದರು. ತಲೆನೋವು ಎಂದಾಗ ಮಾತ್ರೆ ತಂದುಕೊಟ್ಟೆ. ಒಂದು ಸಂಜೆ ಹೊಸ ಚಾವಡಿಯಲ್ಲೇ ಗೃಹಪ್ರಾರ್ಥನೆ. ಪಾಠ ಮಾರ್ಕನ ಸುವಾರ್ತೆಯ 7ನೇ ಅಧ್ಯಾಯ: ತಂದೆತಾಯಿಗೆ ಸಲ್ಲಬೇಕಾದದ್ದನ್ನು "ಕೊರ್ಬಾನ್", ಅಂದರೆ ದೇವರಿಗೆ ಮುಡಿಪು, ಎಂದು ಹೇಳಿ ಜಾರಿಕೊಳ್ಳುವವರನ್ನು ಯೇಸು ಗದರಿಸುವ ಭಾಗ. ಓದುತ್ತಿದ್ದವನು ನಾನೇ. ಅಮ್ಮ ಎದುರಿಗೆ ತಮ್ಮ ಸತ್ಯವೇದವನ್ನು ತೆರೆಯದೆ ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದರು. ಉಳಿದ ವಚನಗಳನ್ನು ಹೇಗೆ ಮುಗಿಸಿದೆನೋ ಗೊತ್ತಿಲ್ಲ.

ಮರುವಾರ ಹೆಂಡತಿಯ ಸರ ಅಡವಿಟ್ಟು ಶಸ್ತ್ರಚಿಕಿತ್ಸೆ ಮಾಡಿಸಿದೆ. ಬಲಗಣ್ಣು ತಿಳಿಯಾಯಿತು. ಎಡಗಣ್ಣಿನ ಪೊರೆ ತೀರಾ ಬಲಿತು, ಒಳಗಿನ ಒತ್ತಡ ಏರಿ ನರಕ್ಕೆ ಪೆಟ್ಟಾಗಿತ್ತು. ಆ ದೃಷ್ಟಿ ಮರಳಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಗತ್ಯವಾದರೆ ಬೇಡಬಹುದು, ಆಸೆಯಾದರೆ ಪಾಪ ಎಂಬ ಗೆರೆ ಸತ್ಯವೇದದಲ್ಲಿಲ್ಲ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದರೆ ಯಾರ ಪ್ರಾಣವೂ ಹೋಗುತ್ತಿರಲಿಲ್ಲ. ಆದರೂ ಯೇಸು ಆರು ಕಲ್ಲಿನ ಬಾನೆಗಳ ನೀರನ್ನು ದ್ರಾಕ್ಷಾರಸವಾಗಿಸಿದನು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ, ಬರಲಿದ್ದ ಸಂಕಟದ ಪಾತ್ರೆ ತನ್ನಿಂದ ತೊಲಗಲೆಂಬ ಇಚ್ಛೆಯನ್ನು ಮುಚ್ಚಿಡದೆ ಹೇಳಿ, ಬಳಿಕ ತಂದೆಯ ಚಿತ್ತಕ್ಕೆ ಬಿಟ್ಟುಕೊಟ್ಟನು. ನೀವೂ "ಮೂರು ಕೋಣೆಯ ಮನೆ ಬೇಕೆಂದು ಆಸೆಯಾಗಿದೆ" ಎಂದೇ ಪ್ರಾರ್ಥಿಸಿ. ಆಗ ಬೇಡ ಎಂಬ ಉತ್ತರ ಬಂದರೂ ಕಿವಿಗೆ ಬಿದ್ದೀತು.

ಮನೆಯಲ್ಲಿ ಎಷ್ಟು ಜನರಿದ್ದೀರಿ ಎಂದು ನೀವು ಬರೆದಿಲ್ಲ. ಅವರಲ್ಲಿ ಯಾರು ಏನನ್ನು "ಆಮೇಲೆ" ಎಂದು ಮುಂದೂಡಿಕೊಂಡಿದ್ದಾರೆ, ಕೇಳಿ. ಏನೂ ಇಲ್ಲ ಎಂದವರನ್ನು ಇನ್ನೊಮ್ಮೆ ಕೇಳಿ. ಬ್ಯಾಂಕಿಗೆ ಹೋಗುವುದು ಅದಾದ ಮೇಲೆ.